ನಾಲ್ಕು ಬೀಗಕ್ಕೆ ಒಂದೇ ಕೀ

ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಕಂಪ್ಯೂಟರ್ ಆಪರೇಟರ್ ಶಿವರಂಜಿನಿಯ ಬ್ಯಾಟರಿ ಸ್ಕೂಟರು ಹರವೆಯ ಸರ್ಕಾರಿ ಕಂಪ್ಯೂಟರ್ ಕೇಂದ್ರದ ಮುಂದೆ ಬಂದು ನಿಂತಿತೆಂದರೆ ಸಾಕು, ಪಹಣಿಗೆ, ಜಾತಿ ಸರ್ಟಿಫಿಕೇಟಿಗೆ ಕಾಯುತ್ತ ಜಗಲಿಯ ಮೇಲೆ ಕೂತವರಲ್ಲಿ ಒಂದು ನೂಕುನುಗ್ಗಲು ಏಳುತ್ತಿತ್ತು. ಅದು ಪಹಣಿಗಾಗಿ ಅಲ್ಲ, ಅವಳ ಬೀಗದ ಕೈ ಗೊಂಚಲು ಹಿಡಿದುಕೊಳ್ಳುವುದಕ್ಕಾಗಿ.

"ಕೊಡವ್ವ ಇತ್ತಗೆ, ನಾ ಇಡ್ಕತೀನಿ" ಎಂದು ಎಲ್ಲರಿಗಿಂತ ಮೊದಲು ಎದ್ದು ಬರುತ್ತಿದ್ದವನು ರಾಚಯ್ಯ. ಅರವತ್ತು ದಾಟಿದ್ದರೂ ಈ ಒಂದು ಕೆಲಸಕ್ಕೆ ಮಾತ್ರ ಹದಿನಾರರ ಕಾಲು.

"ನೆನ್ನೆನೂ ನೀನೇ ಇಡ್ಕಂಡಿದ್ದೆ ಕಣ್ಲಾ ರಾಚಯ್ಯ. ಇವತ್ತು ಬೇರೇರ್ಗೂ ಬುಡ್ಲಾ" ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು.

"ನಂಗೆ ಅಭ್ಯಾಸ ಆಗೋಗದೆ ಕಣ. ನಿಂಗೇನ್ಲಾ ಗೊತ್ತು, ಯಾವ್ ಕೀ ಯಾವುದ್ಕೆ ಅಂತ?"

ಶಿವರಂಜಿನಿ ಹಲ್ಲು ಕಚ್ಚಿಕೊಂಡು ಗೊಂಚಲು ಕೊಡುತ್ತಿದ್ದಳು. ಕೊಡದೆ ಏನು ಮಾಡುವುದು? ಮೂರು ವರ್ಷದವಳಿದ್ದಾಗ ಬಂದ ಪೋಲಿಯೋ ಎಡಗಾಲಿನ ಬಲ ತೆಗೆದುಕೊಂಡು ಹೋಗಿತ್ತು. ನಿಂತರೆ ಎಡಗೈ ಊರುಗೋಲಿಗೆ ಮೀಸಲು. ಉಳಿದದ್ದು ಬಲಗೈ ಒಂದೇ. ಆ ಒಂದು ಕೈಯಲ್ಲಿ ಅವಳು ಸೀಟಿನ ಬೀಗ ತೆಗೆದು ಚಾರ್ಜರ್ ಈಚೆಗೆ ಎತ್ತಬೇಕು, ಕಾಲಿಡುವ ಜಾಗದ ಕೆಳಗಿರುವ ಬ್ಯಾಟರಿ ಪೆಟ್ಟಿಗೆಯ ಬೀಗ ತೆಗೆದು ಅದಕ್ಕೆ ಚಾರ್ಜರ್ ಚುಚ್ಚಬೇಕು, ಹಿಂದಿನ ಡಬ್ಬಿಯ ಬೀಗ ತೆಗೆದು ಫೈಲು, ಊಟದ ಡಬ್ಬಿ ತೆಗೆದುಕೊಳ್ಳಬೇಕು. ಇಂಜಿನ್ ಇಲ್ಲದ ಗಾಡಿಯಾದರೂ ಹ್ಯಾಂಡಲ್ಲಿಗೂ ಒಂದು ಬೀಗ. ಒಟ್ಟು ನಾಲ್ಕು. ನಾಲ್ಕಕ್ಕೂ ಬೇರೆ ಬೇರೆ ಕೀ. ನಾಲ್ಕು ಕೀಗಳೂ ಅವಳಿ ಮಕ್ಕಳ ಹಾಗೆ ಒಂದೇ ಥರ, ಒಂದೇ ಉದ್ದ, ಒಂದೇ ಕರಿ ತಲೆ. ಯಾವುದು ಯಾವುದಕ್ಕೆ ಎಂದು ಹುಡುಕುವುದಕ್ಕೇ ಎರಡು ಕೈ ಬೇಕು. ಗುರುತಿಗೆ ಅಂತ ನೈಲ್ ಪಾಲಿಶ್ ಹಚ್ಚಿದ್ದಳು, ಹದಿನೈದು ದಿನಕ್ಕೆ ಅಳಿಸಿಹೋಯಿತು. ತಪ್ಪು ಕೀ ಹಾಕಿದರೆ ಅದು ಒಳಗೇ ಕಚ್ಚಿಕೊಂಡು ಕೂರುತ್ತಿತ್ತು.

ಗಾಡಿ ತೆಗೆದುಕೊಂಡದ್ದೇ ಯಾರನ್ನೂ ಏನೂ ಕೇಳಬಾರದು ಅಂತ. ಎಂಟು ವರ್ಷ ಅವರಿವರ ಬೈಕಿನ ಹಿಂದೆ, ಹಾಲಿನ ಆಟೋದಲ್ಲಿ, ಒಂದೊಂದು ದಿನ ಟ್ರ್ಯಾಕ್ಟರಿನಲ್ಲೂ ಬಂದಿದ್ದಳು. "ಅಣ್ಣ ಸ್ವಲ್ಪ ಕೈ ಕೊಡಿ", "ಅಣ್ಣ ಸ್ವಲ್ಪ ಇದನ್ನ ಹಿಡ್ಕೊಳ್ಳಿ" ಎಂದು ಹೇಳಿ ಹೇಳಿ ನಾಲಿಗೆ ಜಡ್ಡುಗಟ್ಟಿತ್ತು. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಪಕ್ಕಕ್ಕೆ ಎರಡು ಚಕ್ರ ಹಾಕಿಸಿದರೆ ಬೀಳುವ ಭಯವಿಲ್ಲ ಎಂದು ಕೇಳಿದ ದಿನವೇ ಅವಳು ಗುಂಡ್ಲುಪೇಟೆಯ ಶೋರೂಮಿಗೆ ಹೋಗಿದ್ದಳು. ಮಾಲೀಕ ಸುಧಾಕರ್ ಬಣ್ಣದ ಕಾಗದ ಕೈಗಿಟ್ಟು, ಬೆರಳು ಮಡಚಿ ಮಡಚಿ ಹೇಳಿದ್ದ: "ಸೀಟಿಗೆ ಬೀಗ, ಬ್ಯಾಟ್ರಿಗೆ ಬೀಗ, ಡಬ್ಬಿಗೆ ಬೀಗ, ಹ್ಯಾಂಡಲ್‌ಗೆ ಬೀಗ. ಆದ್ರೆ ನಾಲ್ಕಕ್ಕೂ ಒಂದೇ ಕೀ ಮೇಡಂ. ಕತ್ತಿಗೆ ಹಾಕ್ಕೊಂಬುಡಿ, ಮರ್ತುಬುಡಿ." ಆ ಒಂದೇ ಮಾತಿಗೆ ಅವಳು ಬೇರೆ ಗಾಡಿ ನೋಡಲೇ ಇಲ್ಲ.

2008ರ ಆಯುಧ ಪೂಜೆಯ ದಿನ ಗಾಡಿ ಮನೆಗೆ ಬಂತು. ಜೊತೆಗೆ ನಾಲ್ಕು ಕೀ.

ಅವತ್ತೇ ಫೋನ್ ಮಾಡಿದಳು. "ಸೇಫ್ಟಿಗೆ ಮೇಡಂ" ಅಂದ ಸುಧಾಕರ್. "ಕಂಪನಿಯವ್ರು ರೂಲ್ಸ್ ಚೇಂಜ್ ಮಾಡವ್ರೆ. ಒಂದ್ ಕೀ ಕಳೆದ್ರೂ ಮಿಕ್ಕಿದ್ದು ಸೇಫು." ದೀಪಾವಳಿ ಹೊತ್ತಿಗೆ ಅದು "ಸೆಟ್ ಬರ್ತಾ ಐತೆ ಮೇಡಂ, ಲಾರಿಲಿದೆ" ಆಯಿತು. ಸಂಕ್ರಾಂತಿಗೆ "ನೀವ್ ಬರೋದು ಬೇಡ, ನಾನೇ ಹುಡುಗನ್ನ ಕಳಿಸ್ತೀನಿ" ಆಯಿತು. ಹುಡುಗನೂ ಬರಲಿಲ್ಲ, ಲಾರಿಯೂ ಬರಲಿಲ್ಲ. ಕೊನೆಕೊನೆಗೆ ಅವಳ ನಂಬರು ನೋಡಿದರೆ ಅವನ ಮೊಬೈಲು ಬರೀ ಹಾಡು ಹೇಳುತ್ತಿತ್ತು.

ಇತ್ತ ಹರವೆಯ ಜಗಲಿಯ ಮೇಲೆ ಒಂದು ಹೊಸ ಕಾನೂನು ತಾನಾಗಿಯೇ ಹುಟ್ಟಿತ್ತು. ಮೊದಲ ದಿನ ರಾಚಯ್ಯ ಕೀ ಹಿಡಿದುಕೊಂಡ, ಪಾಪ ಅಂತ ಅವನ ಪಹಣಿ ಮೊದಲು ತೆಗೆದುಕೊಟ್ಟಿದ್ದಳು. ಮಾರನೇ ದಿನ ಇನ್ನೊಬ್ಬ ಹಿಡಿದುಕೊಂಡ, ಅವನೂ ಒಳಗೆ ಬಂದು ಮೊದಲಿಗನಾಗಿ ನಿಂತುಕೊಂಡ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಬೀಗದ ಕೈ ಹಿಡಿದವನಿಗೆ ಮೊದಲ ಕಾಗದ ಎನ್ನುವುದು ಸೂರ್ಯ ಹುಟ್ಟುವಷ್ಟೇ ಸಹಜವಾಗಿಹೋಗಿತ್ತು. ಜನ ಬೇಗ ಬರುತ್ತಿದ್ದದ್ದು ಪಾಳಿಗೆ ಅಲ್ಲ, ಗಾಡಿಗೆ ಹತ್ತಿರ ಕೂರುವುದಕ್ಕೆ. ರಾಚಯ್ಯನಂತೂ ಸ್ವಂತ ಕೆಲಸ ಇಲ್ಲದ ದಿನವೂ ನೆಂಟರ, ನೆರೆಯವರ ಅರ್ಜಿ ಹಿಡಿದು ಬರತೊಡಗಿದ್ದ.

ಫೆಬ್ರವರಿಯ ಒಂದು ಗುರುವಾರ ಪುಟ್ಟಸಿದ್ದಮ್ಮ ಎನ್ನುವ ಮುದುಕಿ ಬೆಳಿಗ್ಗೆ ಏಳೂವರೆಗೇ ಬಂದು ಬಾಗಿಲ ಪಕ್ಕ ಕೂತಿದ್ದಳು. ರಾಚಯ್ಯ ಮೂರು ಅರ್ಜಿ ತಂದಿದ್ದ. ಅವನದ್ದು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಬಂದಾಗ ಮುದುಕಿಯ ಬಸ್ಸು ಹೋಗಿತ್ತು. ಅವಳು ಜಗಳ ಆಡಲಿಲ್ಲ. ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ನಾನೂ ಓಡ್ಬಂದು ನಿನ್ ಬೀಗದ ಕೈ ಇಡ್ಕಬೇಕಾಗಿತ್ತೇನವ್ವ? ನಂಗೆ ಮಂಡಿ ನೋವು ಕಣ್ ತಾಯಿ. ಓಡಕ್ಕಾಗಕಿಲ್ಲ."

ಶಿವರಂಜಿನಿಯ ಕೈ ಕೀಬೋರ್ಡಿನ ಮೇಲೇ ನಿಂತುಹೋಯಿತು. ಓಡಲಾಗದವಳೊಬ್ಬಳು ಇನ್ನೊಬ್ಬ ಓಡಲಾಗದವಳಿಗೆ ಕೇಳುವ ಪ್ರಶ್ನೆಯೇ ಇದು? ಸಿಟ್ಟು ಬಂತು. ಮುದುಕಿಯ ಮೇಲಲ್ಲ, ರಾಚಯ್ಯನ ಮೇಲೂ ಅಷ್ಟಾಗಿ ಅಲ್ಲ. ಕತ್ತಿಗೆ ಹಾಕ್ಕೊಂಬುಡಿ, ಮರ್ತುಬುಡಿ ಅಂದಿದ್ದನಲ್ಲ, ಅವನ ಮೇಲೆ.

ಶನಿವಾರ ರಜೆ ಹಾಕಿದಳು. "ನಾನೂ ಬತ್ತೀನಿ ಇರವ್ವ, ಗಂಡಸ್ರು ಒಬ್ರು ಜೊತ್ಗಿದ್ರೆ ಮಾತ್ಗೆ ಒಂದ್ ತೂಕ" ಎಂದು ಅಪ್ಪ ಮಹದೇವಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದರು.

"ಬ್ಯಾಡ ಕಣಪ್ಪ. ಗಾಡಿ ನಂದು. ತೂಕನೂ ನಂದೇ ಇರ್ಲಿ."

ಒಂದು ಚಾರ್ಜಿಗೆ ಐವತ್ತು ಕಿಲೋಮೀಟರ್ ಎಂದು ಬಣ್ಣದ ಕಾಗದದಲ್ಲಿತ್ತು. ಪಕ್ಕದ ಚಕ್ರ ಹಾಕಿಸಿದ ಮೇಲೆ ಮೂವತ್ತೈದೂ ಕಷ್ಟ. ಗುಂಡ್ಲುಪೇಟೆಗೆ ಹೋಗಬಹುದು, ಅಲ್ಲಿ ಚಾರ್ಜ್ ಮಾಡದೆ ವಾಪಸ್ ಬರಲಾಗುವುದಿಲ್ಲ. ಅವಳು ಬೇಕೆಂದೇ ಆ ಲೆಕ್ಕ ಹಾಕಿಕೊಂಡು ಹೊರಟಳು. ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಹಾರನ್ ಹೊಡೆಯುತ್ತ ಪಕ್ಕದಲ್ಲೇ ಹಾದು ಹೋದವು. ಗಾಡಿ ತನ್ನ ಪಾಡಿಗೆ ಎತ್ತಿನಗಾಡಿಗಿಂತ ಒಂದು ಕೈ ಮೇಲೆ ಎನ್ನುವ ವೇಗದಲ್ಲಿ ಸಾಗಿತು. ಊರು ಮುಟ್ಟುವಾಗ ಮೀಟರಿನ ಕೆಂಪು ದೀಪ ಹತ್ತಿಕೊಂಡಿತ್ತು.

ಶೋರೂಮಿನ ಮುಂದೆ ಗಂಡ ಹೆಂಡತಿ ಇಬ್ಬರು ಹೊಸ ಗಾಡಿ ನೋಡುತ್ತಿದ್ದರು. ಸುಧಾಕರ್ ಬೆರಳು ಮಡಚಿ ಹೇಳುತ್ತಿದ್ದ. ಅವಳನ್ನು ಕಂಡೊಡನೆ ಅವನ ಮಡಚಿದ ಬೆರಳು ಹಾಗೇ ಉಳಿದವು.

"ಓ ಮೇಡಂ! ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ."

"ಮಾಡ್ದೆ. ಹಾಡು ಕೇಳ್ದೆ. ಹಾಡು ಚೆನ್ನಾಗೈತೆ" ಎಂದು ಶಿವರಂಜಿನಿ ಗಾಡಿಯನ್ನು ನೇರ ಬಾಗಿಲಿಗೇ ಅಡ್ಡ ನಿಲ್ಲಿಸಿದಳು. "ಎಲ್ಲಿ ನನ್ ಒಂದೇ ಕೀ?"

"ಸೆಟ್ಟು ಲಾರಿಲಿ..."

"ಆ ಲಾರಿ ದೀಪಾವಳಿಲಿ ಹೊರಟಿದ್ದು. ಕಾಶಿಗೋಗಿ ಬಂದ್ರೂ ಇಷ್ಟೊತ್ಗೆ ಬಂದಿರೋದು."

ನೋಡುತ್ತಿದ್ದ ಹೆಂಗಸು ಕಿಸಕ್ಕೆಂದಳು. ಸುಧಾಕರ್ ದನಿ ತಗ್ಗಿಸಿದ. "ಮೇಡಂ, ನಿಮಗೆ ಇವೆಲ್ಲ ಟೆಕ್ನಿಕಲ್ಲು ಅರ್ಥ ಆಗಲ್ಲ. ಮನೇಲಿ ಗಂಡಸರಿದ್ರೆ ಕಳಿಸಿ, ಅವರತ್ರ ಮಾತಾಡ್ತೀನಿ."

ಅಲ್ಲಿಯ ತನಕ ಶಿವರಂಜಿನಿಗೆ ಇದ್ದದ್ದು ಕೋಪ. ಈ ಮಾತು ಕೇಳಿದ ಮೇಲೆ ಅದು ಬೇರೆಯೇ ಏನೋ ಆಯಿತು. ಸೀಟಿನ ಮೇಲೆ ಕೂತುಕೊಂಡೇ ಗೊಂಚಲನ್ನು ಎರಡು ಕೈಯಲ್ಲಿ ಹಿಡಿದು ಹುಡುಕಿ, ಇಳಿದು, ಸೀಟು ತೆಗೆದು, ಚಾರ್ಜರ್ ಎತ್ತಿ, ಬ್ಯಾಟರಿ ಪೆಟ್ಟಿಗೆ ತೆಗೆಯಲು ಹೋಗಿ ತಪ್ಪು ಕೀ ಹಾಕಿ, ಕಿತ್ತು, ಇನ್ನೊಂದು ಹಾಕಿ, ಊರುಗೋಲು ಜಾರಿ, ಗೋಡೆ ಹಿಡಿದು ಸಾವರಿಸಿಕೊಂಡು, ಕೊನೆಗೂ ಚಾರ್ಜರ್ ಚುಚ್ಚಿ ಅದರ ಇನ್ನೊಂದು ತುದಿಯನ್ನು ಶೋರೂಮಿನ ಗೋಡೆಯ ಪ್ಲಗ್ಗಿಗೆ ಹಾಕಿದಳು. ಇದಕ್ಕೆಲ್ಲ ಏಳು ನಿಮಿಷ ಹಿಡಿಯಿತು. ಗಂಡ ಹೆಂಡತಿ ಇಬ್ಬರೂ ನಿಂತು ನೋಡಿದರು. ಸುಧಾಕರ್ ಹಿಡಿದುಕೊಳ್ಳಲು ಬಂದರೆ "ಮುಟ್ಬೇಡಿ" ಅಂದಳು.

ಆಮೇಲೆ ಅವಳು ಆ ಹೆಂಗಸಿನ ಕಡೆ ತಿರುಗಿದಳು. "ನೋಡಿದ್ರಲ್ಲ ಅಕ್ಕ. ನಂಗೂ ಇವ್ರು ಬೆರಳು ಮಡಚಿ ಒಂದೇ ಕೀ ಅಂತಾನೇ ಹೇಳಿದ್ದು." ಸುಧಾಕರನ ಕಡೆ ನೋಡದೆ ಸೇರಿಸಿದಳು: "ಫುಲ್ ಚಾರ್ಜ್ ಆಗಕ್ಕೆ ಆರು ಗಂಟೆ. ಅಲ್ಲೀಗಂಟ ಇಲ್ಲೇ ಕೂತಿರ್ತೀನಿ. ಬರೋರ್ಗೆಲ್ಲ ಹೇಳ್ತಿರ್ತೀನಿ. ಟೆಕ್ನಿಕಲ್ ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತೀನಿ."

ಗಂಡ ಹೆಂಡತಿ "ಆಮೇಲ್ ಬತ್ತೀವಿ" ಎಂದು ಹೋದರು. ಅವರ ಹಿಂದೆ ಬಂದ ಇಬ್ಬರು ಮೇಷ್ಟರುಗಳೂ ಹೋದರು. ಹನ್ನೊಂದೂವರೆಗೆ ಕರೆಂಟ್ ಹೋಯಿತು.

"ಕರೆಂಟ್ ಹೋಯ್ತು ಮೇಡಂ" ಎಂದ ಸುಧಾಕರ್, ಏನೋ ಆಸೆಯಿಂದ.

"ಹೋಗ್ಲಿ ಬಿಡಿ. ಆರು ಗಂಟೆ ಎಂಟಾಯ್ತು."

ಅವನು ಎದ್ದು ಹೊರಗೆ ಹೋದ. ಬರುವಾಗ ಬಸ್ ಸ್ಟ್ಯಾಂಡ್ ಪಕ್ಕ ಛತ್ರಿ ಹಾಕಿಕೊಂಡು ಕೀ ಮಾಡಿಕೊಡುವ ಪುಟ್ಟಮಾದುವನ್ನು ಕರೆದುಕೊಂಡು ಬಂದ. ಪುಟ್ಟಮಾದುವಿನ ಕತ್ತಿನಲ್ಲಿ ಹಳೇ ಕೀಗಳ ಬಳೆ, ಕೈಯಲ್ಲಿ ಅರ ಇಟ್ಟ ತಗಡಿನ ಡಬ್ಬ.

"ಇವ್ರ ನಾಲ್ಕೂ ಬೀಗ ಒಂದ್ ಕೀಗೆ ಬರೋ ಹಂಗ್ ಮಾಡ್ಕೊಟ್ಬುಡು. ಬೇಗ" ಅಂದ ಸುಧಾಕರ್.

ಪುಟ್ಟಮಾದು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಬ್ಯಾಟರಿ ಪೆಟ್ಟಿಗೆಯ ಬೀಗ ಬಿಚ್ಚಿ ಈಚೆಗೆ ತೆಗೆದ. ಕಣ್ಣಿಗೆ ಹತ್ತಿರ ಹಿಡಿದು ನೋಡಿದ. "ಮಾಡಬೌದು ಕಣಕ್ಕ. ಒಳ್ಗೆ ಇತ್ತಾಳೆ ಹಲ್ಗಳವೆ, ಅವ್ನ ಉಜ್ಜುದ್ರೆ ಒಂದೇ ಕೀಗೆ ಬತ್ತವೆ. ಆದ್ರೆ ಒಂದ್ ಮಾತು ಯೇಳ್ತೀನಿ, ಉಜ್ಜುದ್ಮೇಲೆ ಬೀಗ ಸಡ್ಲ. ತಲೆ ಪಿನ್ನಾಕುದ್ರೂ ತಕ್ಕತದೆ. ಬ್ಯಾಟ್ರಿ ಯಾವನ್ಬೇಕಾರೂ ಒತ್ಕಂಡೋಯ್ತನೆ. ಆಮ್ಯಾಕೆ ನನ್ ಬೈಬ್ಯಾಡಿ."

"ಹೇಳಿದ್ದಷ್ಟು ಮಾಡೋ" ಎಂದ ಸುಧಾಕರ್.

ಪುಟ್ಟಮಾದು ಬೀಗದ ಬಾಯಿಗೆ ಜೋರಾಗಿ ಊದಿದ. ಕೆಂಪಗೆ ಪುಡಿ ಹಾರಿ ಅವನ ಮೂಗಿನ ಮೇಲೆ ಕೂತಿತು. ಅವನು ಬೆರಳಿನಿಂದ ಒರೆಸಿ ಮೂಸಿ ನೋಡಿದ.

"ಇದೇನಕ್ಕ, ಕುಂಕುಮ! ಬೀಗದ ಒಟ್ಟೆ ಒಳೀಕೆ ಕುಂಕುಮ ಆಕೀರಲ್ಲ?"

"ನಾನ್ಯಾಕೆ ಹಾಕ್ಲಿ? ಈ ಬೀಗ ಗಾಡಿಗೆ ಹಾಕ್ದಾಗಿಂದ ಈಗ್ಲೇ ಬಿಚ್ಚಿದ್ದು."

ಪುಟ್ಟಮಾದು ಸೀಟಿನ ಬೀಗ ಬಿಚ್ಚಿದ. ಅದರಲ್ಲಿ ಅರಿಶಿನ. ಡಬ್ಬಿಯದ್ದರಲ್ಲಿ ಎರಡೂ. ಅವನು ಮೂರನ್ನೂ ಬೆನ್ನು ಮೇಲಾಗಿ ಸಾಲಾಗಿ ಇಟ್ಟು, ಹ್ಯಾಂಡಲ್ಲಿನದ್ದನ್ನೂ ಬಿಚ್ಚಿ ಪಕ್ಕಕ್ಕಿಟ್ಟ. ನಾಲ್ಕರ ಬೆನ್ನಿಗೂ ಒಂದೊಂದು ನಂಬರ್ ಕೊರೆದಿತ್ತು. 43. 50. 47. 42.

"ನಿಮ್ ಗಾಡಿ ನಂಬ್ರ ಎಷ್ಟಕ್ಕ?"

ಹ್ಯಾಂಡಲ್ ಕೆಳಗಿನ ತಗಡಿನ ಪಟ್ಟಿಯ ಮೇಲೆ ಶಿವರಂಜಿನಿಯೇ ಓದಿದಳು. ಕೊನೆಯ ಎರಡು ಅಂಕಿ 46.

"ಅಂಗಾರೆ ನಾಲ್ಕೂ ಬೀಗ 46 ಇರ್ಬೇಕಾಗಿತ್ತು. ಕಂಪನಿಯೋರು ಒಂದ್ ಗಾಡಿಗೆ ಒಂದೇ ನಂಬ್ರುದ್ ಬೀಗ ಕಳುಸ್ತರೆ, ಎಲ್ಲುಕ್ಕೂ ಅದೇ ಕೀ" ಎಂದು ಪುಟ್ಟಮಾದು ತಲೆ ಕೆರೆದುಕೊಂಡ. "ಇದ್ರಲ್ಲಿ ನಿಮ್ದು ಒಂದೂ ಇಲ್ವಲ್ಲಕ್ಕ."

ಶಿವರಂಜಿನಿ ನಿಧಾನವಾಗಿ ಸುಧಾಕರನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ದೇವರ ಪಟದ ಕಡೆ ನೋಡುತ್ತಿದ್ದ.

"ಹೇಳಿ ಸುಧಾಕರಣ್ಣ. ಲಾರಿ ವಿಷ್ಯ ಬೇಡ. ಕುಂಕುಮದ್ದು ಹೇಳಿ."

ಹೇಳಿದ. ಎಷ್ಟು ಹೊತ್ತು ಅಂತ ತಡೆದುಕೊಳ್ಳುತ್ತಾನೆ? ಆಯುಧ ಪೂಜೆಗೆ ಹತ್ತು ಗಾಡಿ ಬಂದಿದ್ದವು, ಬಿಡಿಬಿಡಿಯಾಗಿ, ಪೆಟ್ಟಿಗೆಗಳಲ್ಲಿ. ಗಾಡಿಗೊಂದು ಪ್ಲಾಸ್ಟಿಕ್ ಕವರ್, ಕವರಿಗೆ ನಾಲ್ಕು ಬೀಗ, ಪ್ರತಿ ಬೀಗಕ್ಕೂ ದಾರದಲ್ಲಿ ಕಟ್ಟಿದ ಕೀ. ಶೋರೂಮ್ ಶುರುವಾದ ಮೇಲೆ ಮೊದಲ ಹಬ್ಬ. ಬೀಗ ಅಂದರೆ ಕಬ್ಬಿಣ, ಕಬ್ಬಿಣಕ್ಕೆ ಪೂಜೆಯಾಗದೆ ಗಾಡಿಗೆ ಏರಿಸುವುದು ಹೇಗೆ? ಕವರಿನ ಮೇಲೆ ಕುಂಕುಮ ಇಟ್ಟರೆ ಅದು ಪ್ಲಾಸ್ಟಿಕ್ಕಿಗೆ ಮಾಡಿದ ಪೂಜೆಯಾಯಿತೇ ಹೊರತು ಬೀಗಕ್ಕಲ್ಲ. ಹತ್ತೂ ಕವರ್ ಹರಿದು ನಲವತ್ತು ಬೀಗವನ್ನೂ ಒಂದೇ ಹಿತ್ತಾಳೆ ಪರಾತಕ್ಕೆ ಸುರಿದು, ಅರಿಶಿನ ಕುಂಕುಮ ಹಾಕಿ, ಕರ್ಪೂರ ಬೆಳಗಿ, ಬೂದುಗುಂಬಳ ಒಡೆದಿದ್ದ. ಆಮೇಲೆ ಫಿಟ್ಟರ್ ಬಂದು ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಗಾಡಿಗೆ ಹಾಕಿದ. ನಂಬರ್ ಯಾರು ನೋಡಿದರು, ಎಲ್ಲವೂ ಕೆಂಪಗೆ ಇದ್ದವು. ಅವತ್ತೇ ಸಾಯಂಕಾಲದೊಳಗೆ ಹತ್ತೂ ಗಾಡಿ ಹೋದವು.

"ಪೂಜೆ ಮಾಡಿದ್ದು ತಪ್ಪಾ ಮೇಡಂ? ದೇವರ ಕೆಲಸ" ಎಂದ ಸುಧಾಕರ್, ಪಟದ ಕಡೆ ಕೈ ತೋರಿಸಿ.

"ಪೂಜೆ ತಪ್ಪಲ್ಲ. ನಮ್ಮನೇಲೂ ಕುಡ್ಲು, ಗುದ್ಲಿಗೆಲ್ಲ ಕುಂಕುಮ ಇಡ್ತೀವಿ. ಬೆರಕೆ ಆಗೋಯ್ತು ಅಂತ ಗೊತ್ತಾದ್ಮೇಲೆ ಸೇಫ್ಟಿ ಅಂದ್ರಲ್ಲ, ಅದು ತಪ್ಪು. ಹತ್ತು ಜನಕ್ಕೂ ಸೇಫ್ಟಿ ಅಂತಾನೇ ಹೇಳಿದ್ರಾ?"

ಅವನು ದೇವರ ಪಟದ ಹೂವು ಸರಿ ಮಾಡತೊಡಗಿದ.

"ಪುಟ್ಟಮಾದಣ್ಣ, ಉಜ್ಜಬೇಡಿ. ನಾಲ್ಕೂ ಹೆಂಗಿತ್ತೋ ಹಂಗೇ ಹಾಕ್ಬುಡಿ. ನಂಗೆ ನನ್ ಬೀಗನೇ ಬೇಕು" ಎಂದು ಶಿವರಂಜಿನಿ ಊರುಗೋಲು ಊರಿಕೊಂಡು ಮೇಜಿನ ಹತ್ತಿರ ಬಂದಳು. ಮೇಜಿನ ಮೇಲೆ ವಾರಂಟಿ ಪುಸ್ತಕ ಇತ್ತು. ಯಾವ ನಂಬರಿನ ಗಾಡಿ ಯಾರಿಗೆ ಹೋಯಿತು, ಅವರ ಊರು, ಫೋನು, ಎಲ್ಲ.

"ಅದು ಕಂಪನಿ ಪುಸ್ತಕ ಮೇಡಂ, ಕಸ್ಟಮರ್ ಮುಟ್ಟಂಗಿಲ್ಲ. ಅವರೆಲ್ಲ ದೊಡ್ ಮನುಷ್ರು, ಸುಮ್ನೆ ತೊಂದ್ರೆ ಕೊಡ್ಬಾರ್ದು. ನಿಮ್ದೊಂದು ಹೆಂಗೋ ಸರಿ ಮಾಡ್ಕೊಂಡು ಹೋಗಿ. ಮುಂದಿನ ಆಯುಧ ಪೂಜೆಗೆ ಫ್ರೀ ಸರ್ವಿಸ್ ಕೊಡ್ತೀನಿ."

"ಇನ್ನೊಂದ್ ಪೂಜೆನಾ?" ಎಂದಳು ಶಿವರಂಜಿನಿ. ಪುಟ್ಟಮಾದು ನಗು ತಡೆಯಲಾಗದೆ ಡಬ್ಬದೊಳಗೆ ಮುಖ ಹಾಕಿದ. ಅವಳು ಶೋರೂಮಿನದೇ ಫೋನು ಎಳೆದುಕೊಂಡು ಮೊದಲ ನಂಬರ್ ಒತ್ತಿದಳು.

"ನಮಸ್ಕಾರ ಸಾರ್. ನಿಮ್ ಬ್ಯಾಟ್ರಿ ಗಾಡಿಗೆ ಎಷ್ಟು ಕೀ? ನಾಲ್ಕಾ? ನಾಲ್ಕೂ ಬೇರೆ ಬೇರೆನಾ? ಇಲ್ಲ ಸಾರ್, ಅದು ಸೇಫ್ಟಿ ಅಲ್ಲ."

ಹತ್ತು ನಿಮಿಷದಲ್ಲಿ ಮೊದಲ ಗಾಡಿ ಬಂದೇ ಬಂತು. ಊರಿನಲ್ಲೇ ಇದ್ದ ರಿಟೈರ್ಡ್ ಪೋಸ್ಟ್ ಮಾಸ್ಟರ್ ಚಿಕ್ಕಮಲ್ಲಪ್ಪನವರದ್ದು. ಪಂಚೆ ಮೇಲೆ ಕಟ್ಟಿಕೊಂಡು, ಹೆಲ್ಮೆಟ್ ತೆಗೆಯದೆ ಒಳಗೆ ನುಗ್ಗಿದರು. ಕೈಯಲ್ಲಿ ಗೊಂಚಲು. ಕೀಗೊಂದು ಬಣ್ಣದ ದಾರ, ಕೆಂಪು, ಹಸಿರು, ಹಳದಿ, ನೀಲಿ.

"ಏನಯ್ಯ ಸುಧಾಕರ, ಈ ಹುಡ್ಗಿ ಫೋನಲ್ಲಿ ಹೇಳಿದ್ದು ನಿಜವೇನಯ್ಯ? ಮೂವತ್ತೆಂಟು ವರ್ಷ ಈ ತಾಲ್ಲೂಕಿನ ಕಾಗದ ಹಂಚಿದೀನಿ. ಒಂದೂ ಬೇರೆ ಮನೆಗೆ ಹೋಗಿಲ್ಲ. ಈ ನಾಲ್ಕು ಕೀ ನೆನಪಿಟ್ಕೊಳ್ಳಕ್ಕಾಗ್ದೆ ದಿನಾ ಬೀಗದ ಮುಂದೆ ನಿಂತು ತಡವರಿಸೋದು ನೋಡಿ ಮನೇಲಿ ನಂಗೆ ಮರೆವು ಅಂತ ತೀರ್ಮಾನ ಮಾಡವ್ರೆ! ಸೊಸೆ ಮೈಸೂರಿಗೆ ಕರ್ಕೊಂಡು ಹೋಗಿ ತಲೆ ಡಾಕ್ಟ್ರಿಗೆ ತೋರಿಸ್ಬುಟ್ಳು. ಆ ಡಾಕ್ಟ್ರು ನನ್ನ ಹತ್ರ ಇವತ್ತು ಯಾವ ವಾರ ಅಂತ ಕೇಳ್ತಾನೆ ಕಣಯ್ಯ!"

"ಸಾರ್, ಕೂತ್ಕೊಳ್ಳಿ ಸಾರ್, ಎಳನೀರು ತರಿಸ್ತೀನಿ..."

"ನಿನ್ ಎಳನೀರು ನೀನೇ ಕುಡಿ. ನಾಳೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ಗಾಡಿನೂ ಇಲ್ಲಿರ್ಬೇಕು." ಹೆಲ್ಮೆಟ್ಟಿನೊಳಗಿಂದ ಅವರ ದನಿ ಇನ್ನೂ ದಪ್ಪಗೆ ಕೇಳಿಸಿತು. "ಫೋನ್ ಮಾಡಮ್ಮ ನೀನು, ಮಿಕ್ಕಿದೋರ್ಗೂ ಮಾಡು."

ಅವಳು ಮಾಡಿದಳು. ಇನ್ನು ಯಾರನ್ನೂ ಏನೂ ಕೇಳಬಾರದು ಎಂದೇ ಗಾಡಿ ತೆಗೆದುಕೊಂಡಿದ್ದವಳು ಒಂದು ಗಂಟೆಯಲ್ಲಿ ಎಂಟು ಜನ ಅಪರಿಚಿತರನ್ನು ಬನ್ನಿ ಎಂದು ಕೇಳಿದಳು. ಅದರಲ್ಲಿ ಒಂದು ಸಲವೂ ನಾಚಿಕೆ ಎನಿಸಲಿಲ್ಲ. ಕೈ ಹಿಡಿಯಲು ಕೇಳುವುದು ಬೇರೆ, ಮೋಸ ಹೋದವರನ್ನು ಕರೆಯುವುದು ಬೇರೆ.

ಐವತ್ತನೇ ನಂಬರಿನ ಗಾಡಿಯ ಎದುರು ಬರೀ 'ರಮ್ಯ, ಗುಂಡ್ಲುಪೇಟೆ' ಎಂದು ಬರೆದಿತ್ತು. ಫೋನ್ ಇರಲಿಲ್ಲ.

"ಇವ್ರ್ಯಾರು?"

"ಅವರು ಊರಲ್ಲಿಲ್ಲ" ಎಂದ ಸುಧಾಕರ್ ಕೆಮ್ಮುತ್ತ.

ಕರೆಂಟ್ ಬಂತು. ಸಾಯಂಕಾಲ ಐದರ ತನಕ ಅಲ್ಲೇ ಕೂತು ಚಾರ್ಜ್ ತುಂಬಿಸಿಕೊಂಡು ಹರವೆ ದಾರಿ ಹಿಡಿದಳು.

ಮಾರನೇ ದಿನವೇ ಭಾನುವಾರ. ಶೋರೂಮಿನ ಮುಂದೆ ಒಂಬತ್ತು ಗಾಡಿ ಸಾಲಾಗಿ ನಿಂತವು. ದೂರದವರು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದರು. ಕೇರಳದ ದಾರಿಯ ಕಾಡಂಚಿನ ಮದ್ದೂರಿನಿಂದ ಬಂದ ಫಾರೆಸ್ಟ್ ವಾಚರ್ ಗಿರೀಶನ ಸಿಟ್ಟು ಎಲ್ಲರದ್ದಕ್ಕಿಂತ ಮೇಲಿತ್ತು.

"ಸದ್ದಿಲ್ದಿರೋ ಗಾಡಿ, ಕಾಡ್ನಾಗೆ ಒಳ್ಳೇದು ಅಂತ ತಕ್ಕಂಡೆ. ಸದ್ದೇನೋ ಇಲ್ಲ. ಆನೆ ರೋಡ್ಗೆ ಬಂದು ನಿಂತದೆ, ನಾನು ಗಾಡಿ ಪಕ್ದಲ್ಲಿ ನಿಂತು ಇದಾ, ಅದಾ, ಮತ್ತೊಂದಾ ಅಂತ ಕೀ ಉಡುಕ್ತಾವ್ನಿ. ಯಾವ್ ಸೇಫ್ಟಿ ಸಾರ್ ಇದು? ಆನೆಗಾ?"

"ಆನೆ ಏನ್ಮಾಡ್ತು?" ಎಂದು ಚಿಕ್ಕಮಲ್ಲಪ್ಪ ಕೇಳಿದರು.

"ನೋಡ್ತು. ನೋಡಿ ನೋಡಿ ಅದ್ಕೂ ಬೇಜಾರಾಗಿ ಒಂಟೋಯ್ತು."

ಪುಟ್ಟಮಾದು ಕೆಳಗೆ ಗೋಣಿಚೀಲ ಹಾಸಿ ಬೀಗಗಳನ್ನು ಒಂದೊಂದಾಗಿ ಬಿಚ್ಚಿ ಊದಿ ಊದಿ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಜಾತ್ರೆಗೆ ಹೋಗಿ ಬಂದವನಂತಾಗಿತ್ತು. ಶಿವರಂಜಿನಿ ಕುರ್ಚಿಯ ಮೇಲೆ ಕೂತು ನಂಬರ್ ಕೂಗುತ್ತಿದ್ದಳು, ಕಾಗದದ ಮೇಲೆ ಸಾಲು ಎಳೆದು ಹೊಂದಿಸುತ್ತಿದ್ದಳು. ದಿನಾ ಮಾಡುವ ಕೆಲಸವೇ, ಸರ್ವೆ ನಂಬರಿನ ಬದಲು ಬೀಗದ ನಂಬರ್ ಅಷ್ಟೆ. ಅವಳ ನಾಲ್ಕು 46ರಲ್ಲಿ ಒಂದು ಚಿಕ್ಕಮಲ್ಲಪ್ಪನವರ ಡಬ್ಬಿಯಲ್ಲಿ ಸಿಕ್ಕಿತು, ಇನ್ನೊಂದು ಗಿರೀಶನ ಗಾಡಿಯಲ್ಲಿ, ಮತ್ತೊಂದು ಒಬ್ಬ ನರ್ಸಮ್ಮನ ಗಾಡಿಯಲ್ಲಿ. ನಾಲ್ಕನೇ 46 ಮಾತ್ರ ಎಲ್ಲೂ ಇಲ್ಲ. ಇನ್ನೂ ಮೂರು ಜನರದ್ದೂ ಒಂದೊಂದು ಕಮ್ಮಿ ಬಿತ್ತು. ನಾಲ್ಕು ಬೀಗ ಬೇಕು, ಅಂದರೆ ಒಂದು ಗಾಡಿ ಬೇಕು.

"ಐವತ್ತು" ಎಂದಳು ಶಿವರಂಜಿನಿ. "ರಮ್ಯ ಅನ್ನೋರು. ಊರಲ್ಲಿಲ್ವಂತೆ."

ಚಿಕ್ಕಮಲ್ಲಪ್ಪ ಕನ್ನಡಕ ಮೇಲೆತ್ತಿದರು. ಅವರ ನೆನಪಿಗೆ ಯಾವ ಡಾಕ್ಟರೂ ಬೇಕಾಗಿರಲಿಲ್ಲ. "ರಮ್ಯ ಅಂದ್ರೆ ಇವ್ನ ಹೆಂಡ್ತಿ ಅಲ್ವೇನಮ್ಮ! ಹಿಂದುಗಡೆ ಬೀದೀಲಿ ಮನೆ. ಬೆಳಿಗ್ಗೆ ನಾ ಬರುವಾಗ ರಂಗೋಲಿ ಬಿಡ್ತಿದ್ಲು."

ಎಲ್ಲರೂ ಸುಧಾಕರನ ಕಡೆ ತಿರುಗಿದರು. ಗಿರೀಶ ಆಗಲೇ ಹಿಂದಿನ ಬೀದಿಗೆ ಹೊರಟಿದ್ದ.

ರಮ್ಯ ಗಾಡಿ ಓಡಿಸಿಕೊಂಡೇ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದವಳು ಗೋಣಿಚೀಲದ ಮೇಲಿನ ಬೀಗದ ರಾಶಿ ನೋಡಿದಳು, ಪುಟ್ಟಮಾದುವಿನ ಕೆಂಪು ಮೂಗು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ರೀ, ನಂಗೂ ಸೇಫ್ಟಿ ಅಂದ್ರಲ್ರೀ!"

"ರಮ್ಯ, ಮನೇಲಿ ಮಾತಾಡನ..."

"ಆವತ್ತೇ ಬಾಯ್ ಬಾಯ್ ಬಡ್ಕಂಡೆ, ಎಲ್ಲ ಒಂದೇ ಪರಾತಕ್ಕೆ ಸುರೀಬ್ಯಾಡಿ, ಕವರಿಗೊಂದು ತಟ್ಟೆ ಇಡ್ತೀನಿ ಅಂದೆ. ಹತ್ತು ತಟ್ಟೆ ಯಾರ್ ತೊಳೀತಾರೆ ಅಂದ್ರಿ. ನಾನ್ ತಾನೆ ತೊಳಿಯೋಳು? ಆಮೇಲೆ ಕಂಪನಿ ರೂಲ್ಸು ಅಂದ್ರಿ. ಹೆಂಡ್ತಿಗೂ ಲಾರಿ ಕಥೆ ಹೇಳ್ತೀರಾ?" ತನ್ನ ಗೊಂಚಲನ್ನು ಶಿವರಂಜಿನಿಯ ಮುಂದಿನ ಮೇಜಿನ ಮೇಲೆ ಕುಕ್ಕಿದಳು. "ಬಿಚ್ಚಮ್ಮ ನಂದೂನೂ. ಇವರ್ನ ನಂಬ್ಕಂಡು ನಾಲ್ಕು ತಿಂಗ್ಳು ಈ ಗಿಲಕಿ ಸೊಂಟಕ್ಕೆ ಕಟ್ಕಂಡು ತಿರುಗಿದ್ದೀನಿ."

ನಾಲ್ಕನೇ 46 ರಮ್ಯಳ ಗಾಡಿಯ ಸೀಟಿಗೆ ಹಾಕಿತ್ತು.

ಪುಟ್ಟಮಾದು ಶಿವರಂಜಿನಿಯ ಗಾಡಿಗೆ ನಾಲ್ಕನ್ನೂ ಹಾಕಿ ಒಂದು ಕೀ ಕೈಗಿಟ್ಟ. ಅವಳು ಎದ್ದು ನಿಂತಳು. ಎಡಗೈ ಊರುಗೋಲಿಗೆ. ಬಲಗೈಯಲ್ಲಿ ಸೀಟು, ಬ್ಯಾಟರಿ, ಡಬ್ಬಿ, ಹ್ಯಾಂಡಲ್. ಒಂದಾದ ಮೇಲೊಂದು ತೆಗೆದುಕೊಂಡವು. ಹುಡುಕಲಿಲ್ಲ, ಕಚ್ಚಿಕೊಳ್ಳಲಿಲ್ಲ. ಕೀಯನ್ನು ಕತ್ತಿನ ಕರಿದಾರಕ್ಕೆ ಕಟ್ಟಿ ಒಳಗೆ ಬಿಟ್ಟುಕೊಂಡಳು.

"ಸಮಾಧಾನ ಆಯ್ತಲ್ಲ ಮೇಡಂ?" ಎಂದು ಸುಧಾಕರ್ ಮೆಲ್ಲಗೆ ಕೇಳಿದ.

"ಇಲ್ಲ" ಎಂದಳು ಶಿವರಂಜಿನಿ. "ಬೀಗ ಸರಿಹೋಯ್ತು, ಅಷ್ಟೆ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಗಾಡಿ ಹರವೆಯ ಜಗಲಿಯ ಮುಂದೆ ನಿಂತಿತು. ರಾಚಯ್ಯ ಎದ್ದು ಬಂದು ಕೈ ಚಾಚಿದ. ಕಂಕುಳಲ್ಲಿ ನಾಲ್ಕು ಅರ್ಜಿ.

ಶಿವರಂಜಿನಿ ಕತ್ತಿನಿಂದ ಕೀ ತೆಗೆದಳು. ಸೀಟು ತೆಗೆದಳು, ಚಾರ್ಜರ್ ಎತ್ತಿದಳು, ಬ್ಯಾಟರಿ ಪೆಟ್ಟಿಗೆ ತೆಗೆದು ಚುಚ್ಚಿದಳು, ಡಬ್ಬಿಯಿಂದ ಫೈಲಿನ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು, ಎಲ್ಲಕ್ಕೂ ಬೀಗ ಹಾಕಿ ಕೀಯನ್ನು ಮತ್ತೆ ಒಳಗೆ ಬಿಟ್ಟುಕೊಂಡಳು. ರಾಚಯ್ಯನ ಕೈ ಚಾಚಿದ್ದು ಚಾಚಿಯೇ ಇತ್ತು.

"ಯಾಕವ್ವ, ಏನೂ ಕೊಡ್ನಿಲ್ಲ?"

"ಏನೂ ಇಲ್ಲ ತಾತ. ಪಾಳಿಲಿ ಕೂತ್ಕೊ ಓಗು."

"ಪಾಳಿನಾ?" ರಾಚಯ್ಯ ಜಗಲಿಯ ಕಡೆ ನೋಡಿದ. ಇಪ್ಪತ್ತು ತಲೆ. ಬಾಗಿಲ ಪಕ್ಕದಲ್ಲಿ, ಎಲ್ಲರಿಗಿಂತ ಮುಂದೆ, ಮಂಡಿ ನೀವಿಕೊಳ್ಳುತ್ತ ಪುಟ್ಟಸಿದ್ದಮ್ಮ. "ನಾಲ್ಕ್ ತಿಂಗ್ಳು ಚಳೀಲಿ ನಿಂತು ನಿನ್ ಕೀ ಇಡ್ದಿವ್ನಲ್ಲವ್ವ! ಬೀಗ ಬದಲಾಯ್ಸೋಳು ಒಂದ್ ಮಾತು ಯೇಳ್ಬಾರ್ದಾ? ಇದ್ಯಾವ್ ನ್ಯಾಯ?"

"ಇಡ್ದಿದ್ದು ನಾಲ್ಕ್ ತಿಂಗ್ಳು ಕಣ್ಲಾ, ತಕ್ಕಂಡೋಗಿದ್ದು ನಲ್ವತ್ ಪಹಣಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಜಗಲಿ ನಕ್ಕಿತು.

ರಾಚಯ್ಯ ಗೊಣಗುತ್ತ, ಟವೆಲ್ಲು ಕೊಡವುತ್ತ, ಇಂಥ ಅನ್ಯಾಯವನ್ನು ತನ್ನ ಆಯಸ್ಸಿನಲ್ಲೇ ಕಂಡಿಲ್ಲ ಎನ್ನುತ್ತ ಸಾಲಿನ ಕೊನೆಗೆ ಹೋಗಿ ಕೂತ. ಶಿವರಂಜಿನಿ ಕಿಟಕಿ ತೆಗೆದಳು.

"ಅಜ್ಜಿ, ನಿಮ್ ಸರ್ವೆ ನಂಬರ್ ಎಷ್ಟು?"